ತೊಟ್ಟಿಲ ಮರಿಯ ಸಂತಾನ

ಮಗಳ ಕೈ ಹಿಡಿದು ಮನೆಗೆ ಎಳೆದೊಯ್ಯಬೇಕೆಂದೇ ಬಂದಿದ್ದ ಗುರಪ್ಪ, ಹುನಗುಂದದ ಹೈಸ್ಕೂಲಿನ ಕಿಟಕಿಯ ಹೊರಗೆ ಕೋಲೂರಿ ಹಾಗೇ ನಿಂತುಬಿಟ್ಟ. ಒಳಗೆ ಅವನ ಮಾಯವ್ವ ಮೇಜಿನ ಹಿಂದೆ ಕೂತಿದ್ದಳು. ಎದುರಿಗೆ ಹುಡುಗರ ಸಾಲು. ಒಬ್ಬೊಬ್ಬರೇ ಕಿಸೆಯಿಂದ ನಾಕಾಣೆ, ಎಂಟಾಣೆ ತೆಗೆದು ಇಡುತ್ತಿದ್ದರು. ಅವಳು ಚೀಟಿ ಹರಿದು ಕೊಡುತ್ತಿದ್ದಳು. ಮಕ್ಕಳೇ ನಡೆಸುವ ಉಳಿತಾಯದ ಬ್ಯಾಂಕು ಅದು. ಎಪ್ಪತ್ತೆಂಟನೆಯ ಇಸವಿಯಲ್ಲಿ ಆ ಶಾಲೆಗೆ ಹೊಸದಾಗಿ ಬಂದಿತ್ತು.

"ನನ್ನ ರೊಕ್ಕದಾಗ ಒಂದ ರೂಪಾಯಿ ಕೊಡ," ಅಂದ ಒಬ್ಬ ಹುಡುಗ.

"ಯಾಕ?"

"ಸಿನೆಮಾಕ್ಕ."

"ಕಂಪಾಸ್ ಪೆಟಗಿ ತಗೊಳ್ಳೂತನಕ ಕೇಳಿದ್ರೂ ಕೊಡಬ್ಯಾಡ ಅಂತ ನೀನ ಹೇಳಿದ್ದಿ."

"ನಿಮ್ಮಪ್ಪನ ರೊಕ್ಕೇನ ಅದು?"

"ನಮ್ಮಪ್ಪಂದಾಗಿದ್ರ ಕೊಡ್ತಿದ್ದೆ. ಇದು ನಿಂದು, ಅದಕ್ಕ ಕೊಡೂದಿಲ್ಲ."

ಗುರಪ್ಪನಿಗೆ ಮೀಸೆಯಡಿ ನಗು ಬಂತು. ಬಂದ ಕೆಲಸ ನೆನಪಾಗಿ ಅಲ್ಲೇ ಅಡಗಿತು.

ಅವನ ಮನೆಯಲ್ಲಿ ಕುರಿಯನ್ನು ಯಾರೂ ಎಣಿಸುವುದಿಲ್ಲ. ಹಿಂಡು ದೇವರು ಬೀರಪ್ಪನದು, ಕಾಯುವವರಷ್ಟೇ ನಾವು ಎಂದು ಅವನ ಹಿರಿಯರು ನಡೆದುಕೊಂಡು ಬಂದವರು. ಸಂಜೆ ದಡ್ಡಿಯ ಬೇಲಿಯೊಳಗೆ ಕುರಿಗಳನ್ನು ಬಿಡುವಾಗ ಮುಖ ನೋಡಿದರೆ ಸಾಕು, ಬಾರದ್ದು ಯಾವುದು ಎಂದು ಗೊತ್ತಾಗುತ್ತಿತ್ತು. ಮೊನ್ನೆ ಮಾಯವ್ವ ದಡ್ಡಿಯ ಬಾಗಿಲಲ್ಲಿ ನಿಂತು, ಬೆರಳು ಚಾಚಿ, ಬಾಯಿ ಬಿಟ್ಟು ಎಣಿಸಿದ್ದಳು. ಬೆಳಗಾಗುವುದರೊಳಗೆ ತೋಳ ಒಂದು ಮರಿಯನ್ನು ಒಯ್ದಿತ್ತು. "ಇನ್ನ ನಿನ್ನ ಸಾಲಿ ಬಂದ್" ಅಂದಿದ್ದ ಗುರಪ್ಪ. ಅವಳು ಇವತ್ತು ಅವನು ಏಳುವ ಮೊದಲೇ ಓಡಿ ಬಂದಿದ್ದಳು.

ಗಣಿತ ಕಲಿಸುವ ತುಳಸೀಬಾಯಿ ಹೊರಗೆ ಬಂದರು. "ಮಾಯವ್ವನ ತಂದಿ ಏನ್ರಿ? ಒಳಗ ಬರ್ರಿ."

"ಒಳಗ ಬರಾಕ ಬಂದಿಲ್ರಿ ಅಕ್ಕೋರ. ಮಗಳನ್ನ ಕರಕೊಂಡ ಹೋಗಾಕ ಬಂದೇನಿ. ನೀವು ಕುರಿ ಎಣಸಾಕ ಹಚ್ಚೀರಿ. ಎಣಿಸಿದ ಹಿಂಡು ಉಳಿಯೂದಿಲ್ರಿ."

ತುಳಸೀಬಾಯಿ ನಗಲಿಲ್ಲ. "ನಮ್ಮವ್ವನೂ ಊಟಕ್ಕ ಕೂತಾಗ ಹೋಳಿಗಿ ಎಣಸಗೊಡ್ತಿರಲಿಲ್ರಿ," ಅಂದರು. "ನಿಮ್ಮ ಪಾಲಿಗೆ ಏನದ, ಅದರಿಂದ ಮುಂದ ಏನ್ ಮಾಡ್ತೀರಿ, ವಿಚಾರ ಮಾಡ್ಕೊಂಡ ಬರ್ರಿ ಅಂತ ಹುಡುಗರಿಗೆ ಹೇಳಿದ್ದೆ. ತಪ್ಪಿದ್ರ ನಂದು."

ಜಗಳಕ್ಕೆ ಬಂದವನ ಕೈಗೆ ಜಗಳ ಸಿಗಲಿಲ್ಲ. ಅವನ ಕಣ್ಣು ಮತ್ತೆ ಆ ಮೇಜಿನ ಕಡೆ ಹೋಯಿತು.

"ಆ ರೊಕ್ಕ ಏನ್ ಮಾಡ್ತೀರಿ?"

"ಪೋಸ್ಟಿನಾಗ ಇಡ್ತೇವ್ರಿ. ವರ್ಷಕ್ಕೊಮ್ಮೆ ಬಡ್ಡಿ ಕೂಡ್ತದ."

"ಮರಿ ಹಾಕ್ತೈತಿ ಅನ್ರಿ."

"ಹೌದ್ರಿ. ಭಾಳ ಸಣ್ಣ ಮರಿ."

"ತ್ವಾಳ ಒಯ್ಯಂಗಿಲ್ಲೇನು?"

"ಇಲ್ರಿ."

"ಬ್ಯಾನಿ?"

"ಬರೂದಿಲ್ರಿ."

ಗುರಪ್ಪ ಗದ್ದ ಕೆರೆದುಕೊಂಡ. ಮೇವು ನೀರು ಕೇಳದ, ಮಳೆಗೆ ನಡುಗದ ಜೀವವನ್ನು ಅವನು ಕಂಡಿರಲಿಲ್ಲ. "ಕತ್ತರಸಾಕ ಉಣ್ಣಿ?"

"ಅದೂ ಇಲ್ರಿ."

"ಹಂಗಾರ ಚಳಿಗಾಲಕ್ಕ ಕಂಬಳಿ ಎಲ್ಲಿಂದ ತರ್ತೀರಿ?"

ಈಗ ತುಳಸೀಬಾಯಿಗೆ ನಗು ತಡೆಯಲಾಗಲಿಲ್ಲ. "ಅದನ್ನ ನಿಮ್ಮ ಕಡೆನ ಕೊಳ್ಳಬೇಕ್ರಿ," ಅಂದವರು ದನಿ ತಗ್ಗಿಸಿದರು. "ನಿಮ್ಮ ಹುಡುಗಿಗೆ ಈ ಕೆಲಸ ಒಗ್ಗತದ. ಮೆಟ್ರಿಕ್ ಆದಮ್ಯಾಲೆ ಬಾಗಲಕೋಟಿ ಕಾಲೇಜಿಗೆ ಕಳಸ್ರಿ. ಈಗ ಹೆಣ್ಣಮಕ್ಕಳನ್ನೂ ಪೋಸ್ಟಿನ ಉಳಿತಾಯದ ಏಜಂಟರಂತ ತಗೋತಾರ. ಮನಿಮನಿಗೆ ಹೋಗಿ, ಯಾರ ದುಡಿಮಿ ಹೆಂಗ ಕೂಡಿಡಬೇಕಂತ ತಿಳಿಸಿ ಹೇಳೂ ಕೆಲಸ."

"ಕಾಲೇಜಿಗೆ ಅಂತ ಕುರಿ ಯಾರ ಮಾರತಾರ್ರಿ?"

ಮಾಯವ್ವ ಬಾಗಿಲಿಗೆ ಬಂದು ನಿಂತಿದ್ದಳು. "ಯಪ್ಪಾ, ನಿನ್ನ ಹಿಂಡಿಗೆ ನಾ ಕಣ್ಣ ಹಾಕಿಲ್ಲ. ತೊಟ್ಟಿಲದಾಗ ಹಾಕಿದ ದಿನ ನನ್ನ ಹೆಸರಿಗೆ ಒಂದ ಹೆಣ್ಣ ಮರಿ ಬಿಟ್ಟಿದ್ದಿಯಂತಲ್ಲ, ಅದರ ಸಂತಾನೆಲ್ಲಾ ನಂದಂತ ಅವ್ವ ಹೇಳ್ತಾಳ. ಯಾವು ಅಂತ ಯಾರೂ ತೋರಸವಲ್ರು, ಅದಕ್ಕ ಎಣಸಾಕ ಹೋದೆ."

"ನೀ ಗಂಡನ ಮನಿಗೆ ಹೋಗೂವಾಗ ನಿನ್ನ ಬೆನ್ನ ಹತ್ತಿ ಬರ್ತಾವ. ಆವಾಗ ನೋಡೀಯಂತ."

"ಬಾಗಲಕೋಟಿಗೆ ಬರಂಗಿಲ್ಲೇನು?"

ಹೆಣ್ಣಿನ ಪಾಲಿನ ಕುರಿಗೆ ಒಂದೇ ದಾರಿ ಎಂದು ಹಿರಿಯರು ಹೇಳಿದ್ದರೋ, ಇಲ್ಲ ಇನ್ನೊಂದು ದಾರಿ ಇದೆಯೇ ಎಂದು ಯಾರೂ ಕೇಳಿಯೇ ಇರಲಿಲ್ಲವೋ, ಗುರಪ್ಪನಿಗೇ ತಿಳಿಯದಾಯಿತು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು.

"ಒಳಗ ನಡಿ," ಅಂದ. "ಸಂಜಿಮುಂದ ದಡ್ಡಿಗೆ ಬಾ."

ಕೋಲು ಹೆಗಲಿಗೇರಿಸಿ ಒಬ್ಬನೇ ಹೊರಟ.

ಹೊತ್ತು ಕಂತುವಾಗ ಹಿಂಡು ಧೂಳೆಬ್ಬಿಸುತ್ತ ಬಂತು. ಗುರಪ್ಪ ಬೀರಪ್ಪನ ಗುಡಿಯ ದಿಕ್ಕಿಗೆ ಕೈಮುಗಿದು, ಮುಳ್ಳಿನ ಬೇಲಿಯನ್ನು ಒಂದೇ ಕುರಿ ನುಸುಳುವಷ್ಟು ಸರಿಸಿದ. ಮಾಯವ್ವ ಪಕ್ಕದಲ್ಲಿ ನಿಂತಳು.

"ಈ ಕೆಂಚಿ ನೋಡ. ಇದರವ್ವ ನಿನ್ನ ತೊಟ್ಟಿಲ ಮರಿ. ಇದು ಕೆಂಚಿ ಮಗಳು. ಇದು ನಂದು, ಬಿಡು. ಈ ಮೋಟಗಿವಿದು ನಿಂದ. ಮೊನ್ನೆ ತ್ವಾಳ ಒಯ್ದದ್ದು ಇದರ ಮರಿ. ಅದೂ ನಿಂದ ಇತ್ತು."

ಈ ಸಲ ಮಾಯವ್ವ ಬಾಯಿ ಬಿಟ್ಟು ಎಣಿಸಲಿಲ್ಲ. ಲಂಗದ ನಿರಿಗೆಯ ಮರೆಯಲ್ಲಿ ಅವಳ ಹೆಬ್ಬೆರಳು ಮಾತ್ರ ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಮೆಲ್ಲಗೆ ಸರಿಯುತ್ತಿತ್ತು. ಗುರಪ್ಪ ಅದನ್ನು ಕಂಡ. ಮುಖ ಆಚೆ ತಿರುಗಿಸಿ, ಮುಂದೆ ನುಗ್ಗಿದ ಕುರಿಗೆ ಅವಳ ಬೆರಳು ಮುಂದಿನ ಗೆಣ್ಣು ಮುಟ್ಟುವಷ್ಟು ಹೊತ್ತು ಕೋಲು ಅಡ್ಡ ಹಿಡಿದ; ಆಮೇಲೆ ಒಳಗೆ ಬಿಟ್ಟ.