ಪೊದೆಯೊಳಗಿನ ಸರ್ವೆ ಕಂಬ

“ಕಂಬ ಹುಡುಕಿದ್ದು ನಾನು. ಹೆಸರು ಮಾತ್ರ ನಿಮ್ಮದಾ?”

“ಮೆಲ್ಲಗೆ ಮಾತಾಡೇ. ಹೊರಗೆ ಗುಂಪಿನವರು ಕೂತಿದ್ದಾರೆ.”

“ಕೂತಿರ್ಲಿ. ಕಿವಿ ಮನೇಲಿ ಬಿಟ್ಟು ಬಂದಿಲ್ವಲ್ಲ!”

ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಮೆಕ್ಯಾನಿಕ್ ಬೆವರುತ್ತ ನಿಂತಿದ್ದ. ಹಿಂದೆ ನಕ್ಷೆ ಮಾಡುವವರು ಉಪಕರಣ ಇಡಲೆಂದು ಗುಡ್ಡದ ತುದಿಗಳಲ್ಲಿ ಸರ್ವೆ ಕಂಬ ಕಟ್ಟಿದ್ದರು. ಅವನ್ನು ಹುಡುಕಿ, ಮುಟ್ಟಿ, ಫೋಟೋ ತೆಗೆದು ದಾಖಲಿಸುವುದು ಅವನ ಹುಚ್ಚು. ಅದೇ ಹುಚ್ಚಿನವರ ಒಂದು ಗುಂಪೂ ಇತ್ತು. ಕಾಣೆಯಾದ ಕಂಬವನ್ನು ಮೊದಲು ಯಾರು ಅಂಗೈ ಊರಿ ಮುಟ್ಟುತ್ತಾರೋ ಅವರ ಹೆಸರೇ ದಾಖಲೆಯಲ್ಲಿ ಉಳಿಯಬೇಕೆಂಬುದು ಗುಂಪಿನ ಕಟ್ಟಳೆ.

ಎಲ್ಲರೂ ಆಸೆ ಬಿಟ್ಟಿದ್ದ ಕಂಬವೊಂದು ಈ ವಾರ ಸಿಕ್ಕಿತ್ತು. ಅವನು ಪಕ್ಕದ ದಿಬ್ಬದಲ್ಲಿ ಮೊಬೈಲ್ ಹಿಡಿದು ದಿಕ್ಕು ನೋಡುತ್ತಿದ್ದಾಗ, ಕತ್ತಿಯಿಂದ ಮುಳ್ಳುಪೊದೆ ಸವರಿ ಒಳನುಗ್ಗಿ, ಕಂಬಕ್ಕೆ ಮೊದಲು ಅಂಗೈ ಊರಿದವಳು ಅವಳು. ಬಟ್ಟೆ ಹೊಲಿಯುವ ಆ ಕೈಗಳ ತುಂಬ ಗೀರುಗಳು ಇನ್ನೂ ಕೆಂಪಗಿದ್ದವು.

“ಗಂಡ ಹೆಂಡತಿ ಅಂದ್ಮೇಲೆ ಇಬ್ಬರೂ ಒಂದೇ ಅಲ್ವೇನೇ?”

“ಒಂದೇ ಆದ್ರೆ ನನ್ನ ಹೆಸರೇ ಹಾಕಬಹುದಿತ್ತಲ್ಲ! ಮದುವೆ ಪತ್ರಿಕೆ ಬಿಟ್ರೆ ನನ್ನ ಹೆಸರು ಇನ್ನೆಲ್ಲೂ ಬಂದಿಲ್ಲ ರೀ. ಈಗ್ಲೇ ಹೋಗಿ ನಿಜ ಹೇಳಿ.”

“ಆಯ್ತು ಮಾರಾಯ್ತಿ, ಹೇಳ್ತೀನಿ.”

ಅವನು ಹೊರಬಂದ. ಅವಳೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಗುಂಪಿನ ಪೇಂಟರ್ ತಾನೇ ಬರೆದು ತಂದಿದ್ದ ಫಲಕದ ಸುತ್ತಿನ ಕಾಗದ ಬಿಚ್ಚಿದ.

“ನಿನ್ನ ಹೆಸರು ಹೇಗೆ ಕೂತಿದೆ ನೋಡಪ್ಪಾ! ರಾಜನ ಹಾಗೆ!”

ಗುಂಪಿನ ಹಿರಿಯ, ನಿವೃತ್ತ ಪೋಸ್ಟ್‌ಮ್ಯಾನ್, ಅವಳ ಕಡೆ ತಿರುಗಿದರು. “ಏನಮ್ಮಾ, ನೀವೂ ಗುಡ್ಡ ಹತ್ತಿದ್ರಾ?”

ಅವಳು ಗಂಡನ ಮುಖ ನೋಡಿದಳು. ಅವನು ನೋಡುತ್ತಿದ್ದುದು ಫಲಕವನ್ನು. ಎಲುಬಿಲ್ಲದ ನಾಲಿಗೆ ಹೊರಳಿತು.

“ಇವಳಾ? ಅರ್ಧ ಹತ್ತೋಷ್ಟರಲ್ಲೇ ಏದುಸಿರು. ನೆರಳಲ್ಲಿ ಬುತ್ತಿ ಕಾಯ್ತಾ ಕೂತಿದ್ದಳು.”

ಪೇಂಟರ್ ಗಹಗಹಿಸಿದ. ಪೋಸ್ಟ್‌ಮ್ಯಾನ್ ನಗಲು ಹೋಗಿ ನಿಲ್ಲಿಸಿದರು.

“ಕೈಗೇನಾಯ್ತಮ್ಮಾ?”

“ಬುತ್ತಿ ಕಚ್ಚಿತು.”

ಅವಳು ಚಪ್ಪಲಿ ಮೆಟ್ಟಿ, ಬಂದವರಿಬ್ಬರ ನಡುವೆಯೇ ದಾಟಿ ಬೀದಿಗಿಳಿದಳು.

“ಎಲ್ಲಿಗೇ? ಟೀ ಕೊಟ್ಟಾದ್ರೂ ಹೋಗು!”

ಬೀದಿಯವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು.

“ಬರ್ತಾಳೆ ಬಿಡಿ. ಮೂಗಿನ ತುದೀಲೇ ಕೋಪ,” ಎಂದು ಮೆಕ್ಯಾನಿಕ್ ಕುರ್ಚಿ ಹತ್ತಿ ಗೋಡೆಗೆ ಮೊಳೆ ಹೊಡೆದ. ಪೇಂಟರ್ ಫಲಕ ಎತ್ತಿ ಕೊಟ್ಟ. ಪೋಸ್ಟ್‌ಮ್ಯಾನ್ ಎದ್ದು ಹೊರಟರು.

ಅವಳು ಅಂದು ಬರಲಿಲ್ಲ. ಆಮೇಲೂ ಬರಲಿಲ್ಲ.