ಮೂರು ಸಲದ ಉಪಚಾರ

"ಸಾಕು, ಸಾಕು," ಎಂದು ಆರ್ವಿಡ್ ತಟ್ಟೆಯನ್ನು ಎರಡನೆಯ ಸಲವೂ ಹಿಂದಕ್ಕೆ ಸರಿಸಿದ. ಭಾನುವಾರದ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ನಡೆದಿತ್ತು. ಮೂರನೆಯ ಸಲ ಕೇಳದೆ ಆ ಊರಿನಲ್ಲಿ ಯಾರೂ ಏನನ್ನೂ ಮುಟ್ಟುವುದಿಲ್ಲವೆಂಬುದು ಕೇಕು ಹಿಡಿದು ನಿಂತ ಮುದುಕಿಗೂ ಗೊತ್ತು, ಅವನಿಗೂ ಗೊತ್ತು. ಮೊದಲ ಸಲಕ್ಕೇ ಕೈಚಾಚಿದವನನ್ನು ಮಿನ್ನೆಸೋಟದ ಆ ಸೀಮೆಯಲ್ಲಿ ಪರವೂರಿನವನೆಂದೇ ತಿಳಿಯುತ್ತಿದ್ದರು. ಆಕೆ ಮತ್ತೊಮ್ಮೆ ಕೇಳಿದ್ದೇ, ನಿಮ್ಮ ಮನಸ್ಸು ನೋಯಿಸಬಾರದಲ್ಲ ಎನ್ನುತ್ತ ಆರ್ವಿಡ್ ದೊಡ್ಡ ತುಂಡನ್ನೇ ಎತ್ತಿಕೊಂಡ.

ಆದರೆ ಅದನ್ನು ಅರ್ಧಕ್ಕೇ ಬಿಟ್ಟು ತಟ್ಟೆಯನ್ನು ಕೆಳಗಿಟ್ಟ. ಮರುದಿನ ಬೆಳಿಗ್ಗೆ ಪಟ್ಟಣದ ಕಂಪನಿಯವನು ಬಂದು ಅವನ ಬೋರ್‌ವೆಲ್ ವ್ಯವಹಾರವನ್ನು ಕೊಳ್ಳುವವನಿದ್ದ. ಮಹಾಯುದ್ಧದ ಕಾಲದಲ್ಲಿ ನೌಕಾದಳದವರ ಜೊತೆ ಪೆಸಿಫಿಕ್ ದ್ವೀಪಗಳಲ್ಲಿ ಬಾವಿ ಕೊರೆದು ಬಂದವನು ಆರ್ವಿಡ್. ಆ ಯುದ್ಧದ ಮಾತೆತ್ತಿದರೆ, ಅಲ್ಲೊಂದು ಕಡೆ ಒಳ್ಳೇ ಸಿಹಿನೀರು ಸಿಕ್ಕಿತ್ತು ಎಂದಷ್ಟೇ ಹೇಳುತ್ತಿದ್ದ. ಊರಿಗೆ ಮರಳಿ, ಕೊರೆಯುವ ಯಂತ್ರ ಹೊತ್ತ ಲಾರಿಯೊಂದನ್ನು ಕೊಂಡು, ಸುತ್ತಿನ ಹೊಲಮನೆಗಳಿಗೆಲ್ಲ ನೀರು ಕಾಣಿಸಿದ. ದೇವರು ಕೆಳಗಿಟ್ಟದ್ದನ್ನು ಮೇಲೆ ತರುವುದಷ್ಟೇ ತನ್ನ ಕೆಲಸ ಎನ್ನುತ್ತಿದ್ದ. ಗಂಡುಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದರು. ಕಿರಿಮಗಳು ಮಾರ್ಲಿಸ್ ಮಾತ್ರ ಶಾಲೆ ಮುಗಿಸಿದಂದಿನಿಂದ ಅಪ್ಪನ ಜೊತೆ ಕೆಸರು ಮೆತ್ತಿಕೊಂಡು ನಿಂತಳು. ಮದುವೆಯಾಗಿ ಮಕ್ಕಳಾದರೂ ಆ ಕೆಸರಿನ ನಂಟು ಬಿಡಲಿಲ್ಲ.

ಮನೆಯ ದಾರಿಯಲ್ಲಿ ಹೆಂಡತಿ ಸಿಗ್ನೆ, ಮುಖ ಯಾಕೆ ಹೀಗೆ ಎಂದು ಕೇಳಿದಳು. ಮಾರ್ಲಿಸ್‌ಗೆ ಬೇಡವಾಯಿತಲ್ಲ, ಅದಕ್ಕೇ ಎಂದ ಆರ್ವಿಡ್. ವ್ಯವಹಾರವನ್ನು ನೀನೇ ನಡೆಸುತ್ತೀಯಾ ಎಂದು ಚಳಿಗಾಲದಲ್ಲೇ ಅವಳನ್ನು ಕೇಳಿದ್ದನಂತೆ. ನನಗ್ಯಾಕಪ್ಪ, ಯಾರಾದರೂ ತಿಳಿದವರಿಗೆ ಕೊಡು ಎಂದಿದ್ದಳಂತೆ.

"ಎಷ್ಟು ಸಲ ಕೇಳ್ದೆ?"

"ಒಂದ್ಸಲ. ನೌಕಾದಳದಲ್ಲಿ ಒಂದು ಮಾತಿಗೆ ಒಂದೇ ಉತ್ತರ."

ಸಿಗ್ನೆ ನಕ್ಕುಬಿಟ್ಟಳು. "ಅಲ್ಲ ಮಾರಾಯ, ಒಂದು ಚೂರು ಕೇಕಿಗೆ ನಿನ್ನನ್ನ ಮೂರು ಸಲ ಕರೀಬೇಕು. ಇಷ್ಟು ದೊಡ್ಡ ಬಾಳನ್ನ ಒಂದೇ ಮಾತಿಗೆ ಬಾಚ್ಕೊಳ್ಳೋಕೆ ಅವಳೇನು ಪರವೂರಿನವಳಾ? ನಿನ್ನ ಮಗಳಲ್ವಾ?"

ಆರ್ವಿಡ್ ಮುಂದಿನ ತಿರುವಿನಲ್ಲಿ ಕಾರನ್ನು ತನ್ನ ಕೆಲಸದಂಗಳದ ಕಡೆಗೆ ಹೊರಳಿಸಿದ.

ಮಾರ್ಲಿಸ್ ಅಲ್ಲೇ ಇದ್ದಳು. ಕಾಫಿಗೂ ನಿಲ್ಲದೆ ಬಂದು, ಭಾನುವಾರವೆಂದೂ ನೋಡದೆ, ಲಾರಿಯನ್ನು ತೊಳೆಯುತ್ತಿದ್ದಳು. ಕೊಳ್ಳುವವನ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಎಂದಳು, ತಲೆಯೆತ್ತದೆ.

"ಮಾರ್ಲಿಸ್, ಇದನ್ನ ನೀನೇ ನಡೆಸ್ತೀಯಾ?"

ಅವಳು ಬಟ್ಟೆಯನ್ನು ಹಿಂಡಿದಳು. ಪಟ್ಟಣದವನು ಒಳ್ಳೆಯ ಬೆಲೆ ಕೊಡುತ್ತಾನಲ್ಲ, ಅಮ್ಮನಿಗೂ ನಿನಗೂ ನಾಳೆಗೆ ಬೇಕಲ್ಲ ಎಂದು ಏನೇನೋ ಹೇಳಿದಳು. ಆರ್ವಿಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಮೂರನೆಯ ಸಲಕ್ಕೂ 'ಬೇಡ' ಬಂದರೆ ಅದು ನಿಜವಾದ ಬೇಡವೇ ಆಗುತ್ತಿತ್ತು.

"ನೀನೇ ನಡೆಸು ಮಗಳೇ," ಎಂದ. "ನಂಗೆ ಅದೇ ಬೇಕಾಗಿರೋದು."

ಕೊಳವೆಯಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಅವಳು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

"ಅವತ್ತು ಒಂದ್ಸಲ ಕೇಳಿ ಹೊರಟೇಹೋದ್ಯಲ್ಲಪ್ಪ," ಎಂದಳು. "ನಿಂಗೆ ಮಾರೋದೇ ಇಷ್ಟ ಅಂದ್ಕೊಂಡೆ. ಹೂಂ, ನಡೆಸ್ತೀನಿ. ಆದ್ರೆ ಆ ಮನುಷ್ಯನಿಗೆ ನೀನೇ ಫೋನ್ ಮಾಡ್ಬೇಕು."

"ನಾನ್ಯಾಕೆ? ಯಜಮಾನ್ತಿ ನೀನು."

ತಿರುಗಿ ನೋಡಿದರೆ ಕಾರು ಇರಲಿಲ್ಲ; ಸಿಗ್ನೆ ಆಗಲೇ ಹೊರಟುಹೋಗಿದ್ದಳು. ಬಾ, ಲಾರಿಯಲ್ಲೇ ಬಿಡುತ್ತೇನೆ ಎಂದು ಮಾರ್ಲಿಸ್ ಹತ್ತಿ ಸ್ಟೇರಿಂಗಿನ ಹಿಂದೆ ಕೂತಳು. ಆರ್ವಿಡ್ ಸುತ್ತಿ ಬಂದು ಆಚೆ ಬದಿಯ ಬಾಗಿಲ ಹಿಡಿಯನ್ನು ಎಳೆದ. ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಆ ಕಡೆಯಿಂದ ಹತ್ತಿರಲಿಲ್ಲ.

"ಸ್ವಲ್ಪ ಎತ್ತಿ ಎಳೀಬೇಕಪ್ಪ," ಎಂದಳು ಮಗಳು ಒಳಗಿನಿಂದ.

ಎತ್ತಿ ಎಳೆದ. ಸೀಟಿನ ಮೇಲಿದ್ದ ಅವಳ ಕೈಗವಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಿಟಕಿಯಾಚೆ ಮೊಣಕಾಲೆತ್ತರದ ಮುಸುಕಿನ ಜೋಳ, ಸಾಲು ಸಾಲಾಗಿ, ಹಿಂದಕ್ಕೆ ಸರಿಯತೊಡಗಿತು.