ಎರಡನೇ ಚರಣದ ಪೇಟಿ

ಹುಬ್ಬಳ್ಳಿ ಹುಡುಗರ ‘ಹಳೇ ಬಸ್‌ಸ್ಟ್ಯಾಂಡ್’ ತಂಡದ ಹೊಸ ಹಾಡು ಬೆಳಿಗ್ಗೆಯೇ ಯೂಟ್ಯೂಬಿಗೆ ಬಂದಿತ್ತು. ಸಂಜೆಯಾದರೂ ಗದಗಿನ ವಿಜಯೀಂದ್ರ ಮಾಸ್ತರ ಅದನ್ನು ಕೇಳಿರಲಿಲ್ಲ. ಆ ತಂಡಕ್ಕೆ ಅಭಿಮಾನಿ ಅಂತ ಒಬ್ಬನಿದ್ದರೆ ಅವನು ಇವನೇ. ಅವರ ಒಂದೊಂದು ಹಾಡನ್ನೂ ತನ್ನ ಹಾರ್ಮೋನಿಯಂ ಪೇಟಿಯಲ್ಲಿ ನುಡಿಸಿ, ಎಲ್ಲಿ ಚೆಂದ, ಎಲ್ಲಿ ಸಪ್ಪೆ ಎಂದು ವಿಡಿಯೋ ಮಾಡಿ ಹಾಕುತ್ತಿದ್ದ. ಒಂದು ಸಲವಾದರೂ ಅವರ ಜೊತೆ ನುಡಿಸಬೇಕು ಎಂದು ತನ್ನ ರೆಕಾರ್ಡಿಂಗ್ ಕಳಿಸಿ ಕಾದಿದ್ದ. ಉತ್ತರವೇ ಇಲ್ಲ. ಈಗ ನೋಡಿದರೆ ಈ ವಿರಹದ ಹಾಡಿಗೆ ಪೇಟಿ ಬಾರಿಸಿದವನು ವೀರು!

ಯಾವ ವೀರು? ಬೆಟಗೇರಿಯ ಮೆಣಸಿನಕಾಯಿ ದಲಾಲ ಚನ್ನಬಸವಣ್ಣನ ಮಗ. ಇಬ್ಬರೂ ಒಬ್ಬರೇ ಗುರುಗಳ ಮುಂದೆ ಕೂತು ಕಲಿತವರು. ವಿಜಯೀಂದ್ರನಿಗೆ ಜ್ವರ ಬಂದರೆ ಮಾತ್ರ ಭಜನೆಯಲ್ಲಿ ವೀರುವಿನ ಕೈಗೆ ಪೇಟಿ ಸಿಗುತ್ತಿತ್ತು. ಅಂಥವನು!

“ಮಂದಿ ಎಲ್ಲಾ ಕೇಳಿ ಮುಗಿಸ್ಯಾರ. ಮಾಸ್ತರ ಯಾಕ ಸುಮ್ಮನಿದ್ದಾರ ಅಂತ ಕೇಳಲಿಕ್ಕತ್ತಾರ,” ಎಂದಳು ಹೆಂಡತಿ ಅಪೇಕ್ಷಾ.

“ತಲಿ ನೋಯ್ಲಿಕ್ಕತ್ತದ.”

“ತಲಿನೋ, ಹೊಟ್ಟಿನೋ?” ಎಂದು ನಕ್ಕು ಚಹಾ ಇಡಲು ಒಳಗೆ ಹೋದಳು.

ಅಷ್ಟರಲ್ಲಿ ಚನ್ನಬಸವಣ್ಣನೇ ಬಾಗಿಲಿಗೆ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಸಿಕೊಂಡು ಕೂತ. ಅದು ಹಳೇ ದಲಾಲರ ರೂಢಿ. ಟವೆಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಒತ್ತಿ ದರ ಕುದುರಿಸುತ್ತಿದ್ದವರು ಅವರು. ಬಾಯಲ್ಲಿ ಮಾತ್ರ ಮಳೆ-ಬೆಳೆಯ ಮಾತು.

“ಮಾಸ್ತರ, ನನಗ ಮೆಣಸಿನಕಾಯಿ ಘಾಟು ತಿಳಿತೈತಿ, ಹಾಡು ತಿಳಿಯಂಗಿಲ್ಲ. ಹುಡುಗ ಅಂಗಡಿ ಒಲ್ಲೆ, ಪೇಟಿನ ಬಾರಿಸ್ತೀನಿ ಅಂತಾನ. ನೀವು ಅವನ ಜೋಡಿ ಕಲತವರು, ಖರೆ ಹೇಳ್ರಿ. ಅವನ ಕೈಯಾಗ ಏನರ ಐತಿ ಅಂದ್ರ ಅಲ್ಲೇ ಹುಬ್ಬಳ್ಳ್ಯಾಗ ಇರಲಿ. ಇಲ್ಲಾಂದ್ರ ನಾಳೆನ ಕರಕೊಂಡು ಬಂದು ಅಂಗಡಿ ಗಾದಿ ಮ್ಯಾಲೆ ಕುಂಡ್ರಸ್ತೀನಿ.”

ಕುರುಡನಿಗೆ ಕಣ್ಣು ಬಂದಂತಾಯಿತು ವಿಜಯೀಂದ್ರನಿಗೆ. ಒಂದೇ ಮಾತು! ‘ಏನೂ ಇಲ್ಲ’ ಅಂದರೆ ಸಾಕು, ವೀರು ನಾಳೆಯಿಂದ ಮೆಣಸಿನಕಾಯಿ ತೂಗುತ್ತಾನೆ. ಅಪೇಕ್ಷಾ ತಂದುಕೊಟ್ಟ ಚಹಾದ ಕಪ್ಪು-ಬಸಿಯನ್ನು ಮಗ್ಗುಲಲ್ಲಿಟ್ಟುಕೊಂಡು ಹಾಡು ಹಚ್ಚಿದ.

ಗಿಟಾರು ಗುಂಯ್ ಅಂದಿತು. ಹಾಡುವ ಹುಡುಗ ಮೂಗಿನಲ್ಲಿ ಹಾಡುತ್ತಿದ್ದ. ಛಲೋ ಆತು, ಹೀಗೇ ಹಾಳಾಗಲಿ ಎಂದುಕೊಂಡ. ಎರಡನೇ ಚರಣ ಬಂತು. ಸಾಲು ಮುಗಿದು, ತಾಳದ ಮೊದಲ ಪೆಟ್ಟಿಗೆ ಪೇಟಿ ಬಂದು ಕೂಡಬೇಕಿತ್ತು. ಬರಲಿಲ್ಲ. ಎಲ್ಲಿ ಹೋಯಿತು ಎಂದು ಜೀವ ತಡಕಾಡುವಷ್ಟರಲ್ಲಿ, ತಡವಾಗಿ ಮನೆಗೆ ಬಂದ ಮಗನ ಹಾಗೆ ಮೆಲ್ಲಗೆ ಒಳಗೆ ಬಂತು. ಎಲಾ ಭಾಡ್ಯಾ! ವಿಜಯೀಂದ್ರನ ಮೈಯೆಲ್ಲ ಜುಮ್ಮೆಂದಿತು. ಬಸಿಗೆ ಚಹಾ ತುಳುಕಿತು.

ಹಾಡು ಮುಗಿಯಿತು.

“ಏನದ ಸಾವಕಾರ್ರ ಅದರಾಗ? ಏನೂ ಇಲ್ಲ,” ಎಂದ. “ನನ್ನ ಹತ್ರ ಕಲಿಯೋ ಹುಡುಗೂರೂ ಬಾರಸ್ತಾವ.”

ಬಾಗಿಲಲ್ಲಿ ನಿಂತಿದ್ದ ಅಪೇಕ್ಷಾ ತಲೆ ತಗ್ಗಿಸಿದಳು. ಚನ್ನಬಸವಣ್ಣ ಗಡಿಬಿಡಿ ಮಾಡದೆ ಮಗನಿಗೆ ಫೋನ್ ಹಚ್ಚಿದ. “ಲೇ ವೀರು, ಮಾಸ್ತರ ಮನ್ಯಾಗ ಅದೀನಿ. ನೀ ಅಲ್ಲೇ ಇರಪಾ. ಮಾಸ್ತರ ಒಪ್ಯಾರ.”

“ನಾ ಎಲ್ಲಿ ಒಪ್ಪೀನ್ರಿ?” ವಿಜಯೀಂದ್ರ ಹೌಹಾರಿದ.

“ನಾ ಜಲಮ ಎಲ್ಲಾ ದಲಾಲಿ ಮಾಡ್ಕೋತ ಬಂದಾಂವರಿ. ಬಾಯಿ ಒಲ್ಲೆ ಅಂತಿರತೈತಿ, ಟವಲ್ ಕೆಳಗಿನ ಕೈ ಬೇಕು ಅಂತಿರತೈತಿ. ನಾ ನಿಮ್ಮ ಬಾಯಿ ನೋಡಲೇ ಇಲ್ಲ. ಪೇಟಿ ಬಂದ ಕೂಡಲೇ ನಿಮ್ಮ ಕೈ ತೊಡಿಗೆ ಎಂಥಾ ಪೆಟ್ಟು ಕೊಟ್ಟಿತು! ಚಹಾ ಸುದ್ದಾ ಚೆಲ್ಲಿತು. ತಗೋರಿ, ಮಾತಾಡ್ರಿ.”

“ಲೇ ವಿಜ್ಯಾ, ಖರೆ ಹೇಳು, ಹೆಂಗೈತಿ?” ಆ ಕಡೆಯಿಂದ ವೀರು ಕೇಳಿದ.

“ಎರಡನೇ ಚರಣದಾಗ ತಡಾ ಮಾಡಿ ಬಂದಿ.”

“ಬೇಕಂತನ ಮಾಡೀನಲೇ.”

“ಗೊತ್ತಾತು ಮಾರಾಯಾ! ಅದಕ್ಕ ಹೊಟ್ಟಿ ಉರೀಲಿಕ್ಕತ್ತದ!”

ವೀರು, “ನಿನ್ನ ಬಾಯಿಂದ ಒಮ್ಮೆರ ಛಲೋ ಅನ್ನಿಸ್ಕೋಬೇಕಂತ ಸಣ್ಣಾಂವ ಇದ್ದಾಗಿಂದ...” ಎಂದು ಶುರುಮಾಡಿದ.

“ಛಲೋ ಅಂದಿಲ್ಲ. ಉರೀಲಿಕ್ಕತ್ತದ ಅಂದೆ,” ಎಂದು ವಿಜಯೀಂದ್ರ ಫೋನ್ ಕಟ್ ಮಾಡಿದ.

“ಮಗ್ಗಲ ಅಂಗಡಿಯವನ ಹೊಟ್ಟಿ ಉರದ್ರ ಮಾಲು ಪಕ್ಕಾ ಐತಿ ಅಂತ ತಿಳೀಬೇಕ್ರಿ,” ಎಂದ ಚನ್ನಬಸವಣ್ಣ. “ಇನ್ನೊಮ್ಮಿ ಹಚ್ರಿ, ಕೇಳೂಣು.”

ವಿಜಯೀಂದ್ರ ಹಚ್ಚಿದ. ಈ ಸಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಎರಡನೇ ಚರಣಕ್ಕೆ ಕಣ್ಣೀರು ಬಂತು. ಚನ್ನಬಸವಣ್ಣ ತೊಡೆಯ ಮೇಲಿನ ಟವೆಲ್ ತೆಗೆದು ಮುಂದೆ ಚಾಚಿದ.